ಮಲ್ಪೆ ಬದಿಯ ಬೆಂಚು: ಪೌಡರ್ ಕೋಟಿಂಗ್ ಎರಡೇ ಮಳೆಗಾಲಕ್ಕೆ ಏಳ್ತಾ ಉಂಟು

ಹೊಯಿಗೆಬದಿ:
ಎಂಎಸ್ (ಸಾದಾ ಉಕ್ಕಿನ) ಪೈಪಿನ ಬೆಂಚುಗಳು, ಪುಡಿಬಣ್ಣ ಹೊಡೆದು ಓವನ್ನಲ್ಲಿ ಬೇಯಿಸಿದ್ದು (ಪೌಡರ್ ಕೋಟಿಂಗ್), ಕಡಲಿಂದ ನೂರು ಮೀಟರ್ ಒಳಗೆ. ವೆಲ್ಡಿಂಗ್ ಜಾಯಿಂಟಿನಲ್ಲೂ ಕಾಲಿನ ಬುಡದಲ್ಲೂ ಗುಳ್ಳೆ ಎದ್ದಿದೆ, ಉಗುರಲ್ಲಿ ಕೆರೆದರೆ ಹಾಳೆಯ ಹಾಗೆ ಬರ್ತದೆ, ಅಡಿಯಲ್ಲಿ ಕೆಂಪು ತುಕ್ಕು. ಕೂರುವ ಜಾಗದ ಬಣ್ಣ ಮಾತ್ರ ಹೊಸತರ ಹಾಗೇ ಉಂಟು. ಬಿಲ್ಲಿನಲ್ಲಿ 80 ಮೈಕ್ರಾನ್ ಪಾಲಿಯೆಸ್ಟರ್ ಅಂತ ಬರೆದಿದ್ದಾರೆ. ಪೌಡರೇ ಕಳಪೆಯಾ?

ಗನ್-ಓವನ್:
ಪೌಡರನ್ನು ಬೈಬೇಡಿ. ಎಪಾಕ್ಸಿ (ಬಿಸಿಲು ತಾಳದ ಬೇರೆ ಜಾತಿಯ ಪೌಡರ್) ಹೊಡೆದಿದ್ದರೆ ಬಿಸಿಲಿಗೆ ಇಷ್ಟರಲ್ಲಿ ಸುಣ್ಣದಂಥ ಪುಡಿ ಕೈಗೆ ಅಂಟ್ತಿತ್ತು. ತಪ್ಪಿದ್ದು ತಯಾರಿಯಲ್ಲಿ. ವೆಲ್ಡಿಂಗಿನ ಸ್ಲ್ಯಾಗ್ (ಜಾಯಿಂಟಿನ ಮೇಲೆ ಉಳಿಯುವ ಗಾಜಿನಂಥ ಹೊಟ್ಟು) ತೆಗೆಯದಿದ್ದರೆ ಕೋಟಿಂಗ್ ಹಿಡಿಯುವುದು ಸ್ಲ್ಯಾಗನ್ನು, ಅದು ಕಳಚಿದಾಗ ಎರಡೂ ಒಟ್ಟಿಗೆ ಬರ್ತವೆ. ಇನ್ನು ಜಾಯಿಂಟಿನ ಒಳಮೂಲೆಗೆ ಗನ್ನಿನಿಂದ ವಿದ್ಯುತ್ ಚಾರ್ಜ್ ಆಗಿ ಬರುವ ಪೌಡರ್ ಹೋಗುವುದೇ ಕಷ್ಟ, ಅಕ್ಕಪಕ್ಕದ ಅಂಚಿಗೇ ಸೆಳೆದುಕೊಳ್ತದೆ. ಅಲ್ಲಿ ವೋಲ್ಟೇಜ್ ಇಳಿಸಿ ಹೊಡೀಬೇಕು. ಚೂಪು ಅಂಚಿನಲ್ಲಿ ಕರಗುವಾಗ ಸರಿದು ತೆಳ್ಳಗಾಗ್ತದೆ, ಹಾಗಾಗಿ ಅಂಚನ್ನು 2 ಮಿ.ಮೀ. ಉರುಟು ಮಾಡಿಸಿ.

ಹೊಸ ಬ್ಯಾಚಿಗೆ: ಬ್ಲಾಸ್ಟಿಂಗ್ (ಮರಳಿನಂಥ ಕಾಳು ರಭಸದಿಂದ ಹೊಡೆದು ತುಕ್ಕು ತೆಗೆಯುವುದು), ಅದೇ ದಿನ ಜಿಂಕ್ ಎಪಾಕ್ಸಿ ಪ್ರೈಮರ್ ಪೌಡರ್ 60–80 ಮೈಕ್ರಾನ್, ಮೇಲೆ ಟಾಪ್‌ಕೋಟ್ ಆಗಿ ಸೂಪರ್ ಡ್ಯೂರೆಬಲ್ (ಬಿಸಿಲು ಹೆಚ್ಚು ತಾಳುವ) ಪಾಲಿಯೆಸ್ಟರ್ 60–80. ಪ್ರೈಮರನ್ನು ಪೂರ್ತಿ ಬೇಯಿಸಿದರೆ ಟಾಪ್‌ಕೋಟ್ ಕೂರುವುದಿಲ್ಲ, ಅರ್ಧ ಬೆಂದಾಗಲೇ ಹೊಡೀಬೇಕು. ಟಾಪ್‌ಕೋಟ್ ಹೊಡೆದ ಮೇಲೆ ಪೂರ್ತಿ ಬೇಯಲು ಸಾಮಾನ್ಯವಾಗಿ 200 ಡಿಗ್ರಿ, 10 ನಿಮಿಷ. ಅದು ಕಬ್ಬಿಣದ ಬಿಸಿ ಮಾರಾಯ್ರೆ, ಓವನ್ ಮೀಟರಿನದ್ದಲ್ಲ.

ಜಿಐ-ಪ್ರಿಯ:
ಕಡಲ ಹತ್ತಿರ ನಾನಾದರೆ ಗ್ಯಾಲ್ವನೈಸ್ (ಕರಗಿದ ಜಿಂಕಿನಲ್ಲಿ ಅದ್ದುವುದು) ಮಾಡಿಸದೆ ಕೊಡುವುದಿಲ್ಲ. ಪೈಪಿಗೆ ಗಾಳಿತೂತು ಮೊದಲೇ ಕೊರೆಯಿರಿ, ಮುಚ್ಚಿದ ಪೈಪ್ ಜಿಂಕ್ ತೊಟ್ಟಿಯಲ್ಲಿ ಒಡೀತದೆ. ಕ್ರೋಮೇಟಿಗೆ (ಆಮೇಲೆ ಜಿಂಕಿನ ರಕ್ಷಣೆಗೆ ಅದ್ದುವ ದ್ರಾವಣ, ಅದರ ಮೇಲೆ ಪೌಡರ್ ಸರಿ ಹಿಡಿಯುವುದಿಲ್ಲ) ಅದ್ದಬೇಡಿ ಅಂತ ಮುಂಚೆಯೇ ಹೇಳಿಡಿ. ಆಮೇಲೆ ಹಗುರ ಬ್ಲಾಸ್ಟ್ ಮಾಡಿ, ಪೌಡರ್ ಹಾಕದೆಯೇ ಒಂದು ಸಲ ಓವನ್ನಲ್ಲಿ ಬಿಸಿ ಮಾಡಿಸಿ. ಇಲ್ಲದಿದ್ದರೆ ಒಳಗಿನ ಗ್ಯಾಸ್ ಬೇಯುವಾಗ ಹೊರಬಂದು ಸೂಜಿತೂತು ಬೀಳ್ತದೆ.

ಹೊಯಿಗೆಬದಿ:
ಈಗ ಇರುವುದಕ್ಕೆ?

ಗನ್-ಓವನ್:
ಜಾಗದಲ್ಲೇ ಪೌಡರ್ ಆಗುವುದಿಲ್ಲ. ಏಳುವಷ್ಟನ್ನು ಕೆರೆದು, ಬಿಳಿ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ, ಉಳಿದ ಬಣ್ಣದ ಅಂಚನ್ನು 120ರ ಉಜ್ಜುಕಾಗದದಲ್ಲಿ ಇಳಿಜಾರು ಮಾಡಿ. ಸಿಹಿನೀರಲ್ಲಿ ತೊಳೆದು ಒಣಗಿಸಿ, ಟೂ-ಪ್ಯಾಕ್ (ಎರಡು ಡಬ್ಬದ್ದು ಬೆರೆಸಿ ಹಚ್ಚುವ) ಜಿಂಕ್ ಎಪಾಕ್ಸಿ, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಕಾಲಿನ ಬುಡ ಕಾಂಕ್ರೀಟಿನಲ್ಲಿ ಹೂತಿದ್ದರೆ ನೀರು ನಿಲ್ಲದ ಹಾಗೆ ಸುತ್ತ ಇಳಿಜಾರು ಕೊಡಿ. ಮತ್ತೆ ಮಳೆ ಮೇಲ್ಭಾಗದ ಉಪ್ಪನ್ನಷ್ಟೇ ತೊಳೀತದೆ, ಸೀಟಿನ ಅಡಿಯದ್ದು ಅಲ್ಲೇ ಕೂತಿರ್ತದೆ. ಮಳೆ ನಿಂತ ಮೇಲೆ ತಿಂಗಳಿಗೊಮ್ಮೆ ಅಡಿಭಾಗಕ್ಕೂ ಸಿಹಿನೀರಿನ ಪೈಪ್ ಹಿಡಿಯಿರಿ.