ಅಪ್‌ಡೇಟ್: ಬುದ್ಧಿ ಹಲ್ಲು ತೆಗೆಸಿಯೇ ಹೊರಡುತ್ತಿದ್ದೇನೆ

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದೇನೆ, ಎಡಗಡೆ ಕೆಳಗಿನ ಬುದ್ಧಿ ಹಲ್ಲು ಅರ್ಧ ಮೂಡಿ ನೋಯುತ್ತಿದೆ, ತೆಗೆಸಲಾ ಹಾಗೇ ಹೋಗಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ತೆಗೆಸಿದೆ.

ಮೊದಲು ಒಪಿಜಿ ಎಕ್ಸ್‌ರೇ ಆಯಿತು. ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುತ್ತದೆ. ನನ್ನ ಹಲ್ಲು ನೇರ ಬರದೆ ಮುಂದಿನ ಹಲ್ಲಿಗೆ ವಾಲಿತ್ತು. ಮೇಲೆ ಒಸಡು ಮುಚ್ಚಳದ ಹಾಗೆ ಕೂತು, ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿ ಊದಿಕೊಳ್ಳುತ್ತಿತ್ತು. ಉಪ್ಪುನೀರು ಮುಕ್ಕಳಿಸಿದರೆ ಕಡಿಮೆಯಾಗುತ್ತೆ, ಆದರೆ ಮತ್ತೆ ಮತ್ತೆ ಬರುತ್ತೆ ಅಂದರು ಡಾಕ್ಟರು. ಬೇರು ಕೆಳದವಡೆಯ ನರದಿಂದ ದೂರವಿದೆ ಅಂತ ಗೊತ್ತಾದ ಮೇಲೆ ನನಗೂ ಧೈರ್ಯ ಬಂತು. ಅಲ್ಲಿನ ವಿದ್ಯಾರ್ಥಿ ಇನ್ಶೂರೆನ್ಸ್‌ನಲ್ಲಿ ಹಲ್ಲಿನ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ, ನನ್ನ ಪಾಲಿಸಿಯಲ್ಲೂ ಇಲ್ಲ. ಅಮ್ಮನಿಗೆ ಈ ಒಂದು ಮಾತೇ ಸಾಕಾಯಿತು!

ಕೀಳುವಾಗ ನೋವಿಲ್ಲ, ಬರೀ ಒತ್ತಡ. ಊತ ಮಾತ್ರ ಮಾರನೇ ದಿನವೇ ಜಾಸ್ತಿ. ಗಂಜಿ, ಮೊಸರನ್ನ ಬಿಟ್ಟರೆ ಬೇರೇನೂ ಇಳಿಯಲಿಲ್ಲ. ಮೊದಲ ದಿನ ಮುಕ್ಕಳಿಸಬೇಡಿ, ಸ್ಟ್ರಾ ಮತ್ತು ಸಿಗರೇಟು ಮುಟ್ಟಬೇಡಿ. ಗಾಯದೊಳಗಿನ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡರೆ ಡ್ರೈ ಸಾಕೆಟ್ ಆಗುತ್ತೆ, ಅದರ ನೋವು ಬೇರೆಯೇ ಅಂತೆ. ಹಾಗಾಗಿ ಹೊರಡುವುದಕ್ಕೆ ಎರಡು ವಾರವಾದರೂ ಇರುವಾಗ ಮಾಡಿಸಿಕೊಳ್ಳಿ. ಹಿಂದಿನ ದಿನ ಮಾಡಿಸಿ ವಿಮಾನ ಹತ್ತುವ ಸಾಹಸ ಬೇಡ.

ಕೆಲವರು ನಾಲ್ಕನ್ನೂ ಒಟ್ಟಿಗೆ ತೆಗೆಸು ಅಂದಿದ್ದಿರಿ. ಅದಕ್ಕೆ ಡಾಕ್ಟರು ಒಪ್ಪಲಿಲ್ಲ. ಮೇಲಿನವು ನೇರವಾಗಿ ಬಂದಿವೆ, ಸುಮ್ನೆ ಯಾಕೆ ಕೀಳಬೇಕು ಅಲ್ವಾ? ಬಲಗಡೆಯದು ಇನ್ನೂ ಮೂಳೆಯೊಳಗೇ ಇದೆ. ಎಕ್ಸ್‌ರೇ ಕಾಪಿ ಮೊಬೈಲ್‌ನಲ್ಲಿ ಹಾಕಿಕೊಂಡಿದ್ದೇನೆ.