ತಾಂಬೂಲದ ಜೊತೆ ಯಾವ ಕಾದಂಬರಿ?

ಅಪ್ಪನ ಸಹಸ್ರಚಂದ್ರ ದರ್ಶನ ಶಾಂತಿಗೆ ಬರುವವರಿಗೆ ಏನು ಕೊಡಬೇಕೆಂಬ ಮಾತು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ಸಂಜೆ ಹೊರಟಿತು.

ಅತ್ತಿಗೆ: ಮಾವನವರ ಶಾಂತಿಗೆ ಬರುವವರಿಗೆ ಸ್ಟೀಲ್ ಡಬ್ಬಿ, ಬಟ್ಟಲು ಬೇಡವೆಂದು ನಿಮ್ಮಣ್ಣ ಹೇಳುತ್ತಿದ್ದಾರೆ. ತಾಂಬೂಲದ ಜೊತೆ ಒಂದು ಕನ್ನಡ ಕಾದಂಬರಿ ಕೊಡೋಣವಂತೆ. ಈಚೆಗೆ ನೀನು ಏನೇನು ಓದಿದೆ, ಯಾವುದು ಕೊಡಬಹುದು, ಬರೆದು ಹಾಕು.

ನಾನು: ಓದಿನ ಟಿಪ್ಪಣಿ ಪುಸ್ತಕದ ಪುಟದ ಚಿತ್ರ ಹಾಕಿದ್ದೇನೆ. ನನ್ನ ಅಕ್ಷರ ಓದಲಾಗದವರಿಗಾಗಿ ಬಿಡಿಸಿ ಬರೆಯುತ್ತೇನೆ.

ವಸುಧೇಂದ್ರರ ‘ತೇಜೋ ತುಂಗಭದ್ರಾ’: ದಪ್ಪ ಪುಸ್ತಕ, ಆದರೂ ಕೆಳಗಿಡಲಾಗಲಿಲ್ಲ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’: ವಿಷಯ ಅದ್ಭುತ, ಪಾತ್ರಗಳು ನೆನಪಿನಲ್ಲಿ ಉಳಿಯಲಿಲ್ಲ. ಭೈರಪ್ಪನವರ ‘ಯಾನ’: ಕೇಳಿದ ಪ್ರಶ್ನೆ ದೊಡ್ಡದು, ಬರೆದ ಕತೆ ಅದಕ್ಕೆ ಸಾಲದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’: ಚಿಕ್ಕದು, ಭಯ ಹುಟ್ಟಿಸುವಂಥದ್ದು, ನಮ್ಮ ಬೆಂಗಳೂರಿನದೇ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’: ಮತ್ತೆ ಓದಿದ್ದು. ಇವೆಲ್ಲಕ್ಕಿಂತ ಮೇಲೆ ಅದನ್ನೇ ಇಡುತ್ತೇನೆ.

ಚಿಕ್ಕಪ್ಪ: ‘ಯಾನ’ದ ಬಗ್ಗೆ ಬರೆದದ್ದು ನನಗೆ ಸರಿ ಕಾಣಲಿಲ್ಲ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ನಮ್ಮನ್ನು ಬಿಟ್ಟು ಹೋದರು. ಎಂಬತ್ತು ದಾಟಿದ ಲೇಖಕರೊಬ್ಬರು ಅಂತರಿಕ್ಷಯಾನದ ಬಗ್ಗೆ ಕನ್ನಡದಲ್ಲಿ ಬರೆಯುವ ಧೈರ್ಯ ಮಾಡಿದರು. ಅದಕ್ಕೆ ‘ಸಾಲದು’ ಎನ್ನುವುದೇ?

ನಾನು: ಚಿಕ್ಕಪ್ಪ, ಆ ಧೈರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ನೌಕೆಯಲ್ಲಿ ಹುಟ್ಟಿ, ಭೂಮಿಯನ್ನೇ ಕಾಣದೆ ಬೆಳೆದ ಮಕ್ಕಳಿಗೆ ನಮ್ಮ ನೀತಿ ನಿಯಮಗಳು ಅನ್ವಯಿಸುತ್ತವೆಯೇ ಎಂದು ಕನ್ನಡದಲ್ಲಿ ಇಷ್ಟು ನೇರವಾಗಿ ಕೇಳಿದವರನ್ನು ನಾನು ಬೇರೆ ಕಂಡಿಲ್ಲ. ಆದರೆ ಮಳೆ ಕಾಣದ, ಮಣ್ಣು ಮುಟ್ಟದ, ಬೀದಿಯಲ್ಲಿ ಅಪರಿಚಿತನೊಬ್ಬನನ್ನೂ ನೋಡದ ಆ ಮಕ್ಕಳ ಮನಸ್ಸು ಹೇಗಿರುತ್ತದೆ? ಅದನ್ನು ತಿಳಿಯಲೆಂದೇ ನಾನು ಪುಟ ತಿರುವಿದೆ. ಅವರು ಮಾತನಾಡಿದಾಗ ನಮ್ಮ ಮನೆಯ ಓದಿದ ಮಕ್ಕಳ ಮಾತೇ ಕೇಳಿಸಿತು. ವಿಜ್ಞಾನ, ತತ್ತ್ವ ಎರಡೂ ಸಂಭಾಷಣೆಯಾಗಿ ಬಂದವು, ಅನುಭವವಾಗಿ ಬರಲಿಲ್ಲ.

ಚಿಕ್ಕಪ್ಪ: ವಿಚಾರ ಇರುವ ಕಾದಂಬರಿಯಲ್ಲಿ ವಿಚಾರ ಇರಲೇಬೇಕು. ಬರೀ ಅನುಭವ ಬೇಕಾದರೆ ಧಾರಾವಾಹಿ ಇದೆ.

ನಾನು: ಅದೇ ಭೈರಪ್ಪನವರ ‘ಪರ್ವ’ವನ್ನೇ ತೆಗೆದುಕೊಳ್ಳಿ. 1979ರ ಪುಸ್ತಕ. ನನಗೆ ಕೊಡಿಸಿದವರು ನೀವೇ. ಮಹಾಭಾರತದ ಯುದ್ಧವನ್ನು ಹೇಳಹೊರಟ ಅಷ್ಟು ದೊಡ್ಡ ಕಾದಂಬರಿ ಎಲ್ಲಿ ಆರಂಭವಾಗುತ್ತದೆ? ಹಸ್ತಿನಾಪುರದಲ್ಲಲ್ಲ. ಮದ್ರ ದೇಶದಲ್ಲಿ, ಮುದುಕ ಶಲ್ಯನ ಮನೆಯಲ್ಲಿ, ಮೊಮ್ಮಗಳ ಮದುವೆಯ ಮಾತಿನಲ್ಲಿ. ಕನ್ಯಾಶುಲ್ಕ ತೆಗೆದುಕೊಳ್ಳುವುದು ತಮ್ಮ ಪದ್ಧತಿ, ಬೇರೆ ಕಡೆಯವರು ಅದನ್ನು ಕೀಳಾಗಿ ಕಾಣುತ್ತಾರೆ ಎಂಬ ಇರಿಸುಮುರಿಸು ಆ ಮನೆಯಲ್ಲಿದೆ. ಅಂದಿನ ವಿವಾಹ ಪದ್ಧತಿಗಳ ಬಗ್ಗೆ ಲೇಖಕರು ಎಷ್ಟು ಓದಿರಬೇಕು! ಆ ಓದೆಲ್ಲ ಒಬ್ಬ ತಾತನ ಚಿಂತೆಯಾಗಿ ನಮ್ಮ ಮುಂದೆ ಕೂರುತ್ತದೆ. ‘ಪರ್ವ’ ಬರೆದ ಕೈಯಿಂದ ನಾನು ಅದೇ ಅಳತೆಯನ್ನು ನಿರೀಕ್ಷಿಸುತ್ತೇನೆ. ಹೋದವರೆಂದು ಅಳತೆ ತಗ್ಗಿಸಿದರೆ ಅವರಿಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ.

ಚಿಕ್ಕಪ್ಪ: ‘ಪರ್ವ’ದ ವಿಷಯದಲ್ಲಿ ಎರಡು ಮಾತಿಲ್ಲ. ಹಾಗಾದರೆ ‘ಪರ್ವ’ವನ್ನೇ ಕೊಡೋಣ.

ಅತ್ತಿಗೆ: ಚಿಕ್ಕಮಾವ, ಅದರ ತೂಕ ನೋಡಿದ್ದೀರಾ? ಬಸ್ಸಿನಲ್ಲಿ ಬಂದವರು ಹೊತ್ತುಕೊಂಡು ಹೋಗಬೇಕು.

ಅಣ್ಣನ ಮಗ: ಅತ್ತೆ, ‘ಕನಕ ಮುಸುಕು’ವಿಗೆ ನೀವು ಅನ್ಯಾಯ ಮಾಡಿದ್ದೀರಿ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊದಲ್ಲಿ ನಿಂತುಕೊಂಡೇ ಓದಿದೆ, ಒಂದು ದಿನ ಇಳಿಯುವ ನಿಲ್ದಾಣವೂ ದಾಟಿಹೋಯಿತು. ಮುಗಿಸಿದ ವಾರವೇ ಸೋಮನಾಥಪುರಕ್ಕೆ ಹೋಗಿ ಬಂದೆ. ಹೊರಗೋಡೆಯ ವಿಗ್ರಹಗಳ ಕೈಯಲ್ಲಿ ಹಿಡಿದಿರುವ ವಸ್ತುವನ್ನು ಹತ್ತಿರದಿಂದ ನೋಡಿ: ಬುಡ ದಪ್ಪ, ತುದಿ ಸಣ್ಣ, ಮೈತುಂಬ ಸಾಲುಸಾಲಾಗಿ ಕಾಳು, ಕೆಲವು ಕಡೆ ಸಿಪ್ಪೆ ಸುಲಿದ ಹಾಗೆ ಎರಡು ಎಸಳು. ಜೋಳದ ತೆನೆಯಲ್ಲದೆ ಮತ್ತೇನು? ದೇವಸ್ಥಾನ 13ನೇ ಶತಮಾನದ್ದು. ಮುಸುಕಿನ ಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಇಂಥ ಪ್ರಶ್ನೆಯನ್ನು ತಲೆಯೊಳಗೆ ಬಿಟ್ಟ ಬೇರೆ ಕಾದಂಬರಿ ಯಾವುದಿದೆ, ಹೇಳಿ.

ನಾನು: ಪ್ರಶ್ನೆ ನಿಜಕ್ಕೂ ರೋಮಾಂಚನದ್ದು, ಕಂದಾ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು ಗಣೇಶಯ್ಯನವರು, ತೆನೆಯನ್ನು ಅವರ ಕಣ್ಣು ಸುಮ್ಮನೆ ನೋಡುವುದಿಲ್ಲ. ಆದರೆ ಉಳಿದ ಅರ್ಧವನ್ನೂ ಓದು. ಅದು ಮುಸುಕಿನ ಜೋಳವೇ ಎಂದು 1989ರಲ್ಲಿ ವಿದೇಶಿ ಸಂಶೋಧಕರು ಪ್ರಬಂಧ ಬರೆದರು. ಅಲ್ಲ, ಅಲ್ಲಿ ಕೆತ್ತಿರುವುದು ಜೋಳವಲ್ಲ ಎಂದು 1993ರಲ್ಲಿ ನಮ್ಮ ದೇಶದ ಮೆಕ್ಕೆಜೋಳ ತಜ್ಞರೇ ಅದಕ್ಕೆ ಉತ್ತರ ಕೊಟ್ಟರು. ಮುತ್ತು ರತ್ನಗಳಿಂದ ಮಾಡಿದ ಕಲ್ಪಿತ ಫಲ ಅದು ಎನ್ನುವವರಿದ್ದಾರೆ.

ಅಣ್ಣನ ಮಗ: ಇರಲಿ. ವಾದ ಇದೆಯೆಂದರೆ ಇನ್ನೂ ಚೆನ್ನ. ಗಣೇಶಯ್ಯನವರು ಆಧಾರಗಳನ್ನು ಪುಸ್ತಕದಲ್ಲೇ ಕೊಡುತ್ತಾರೆ, ಹೋಗಿ ನೋಡಿಕೊಳ್ಳಿ ಎನ್ನುತ್ತಾರೆ. ಓದುಗನ ಬಗ್ಗೆ ಅಷ್ಟು ಗೌರವ ಯಾರಿಗಿದೆ? ನನಗೆ ಪಾತ್ರಗಳು ನೆನಪಿರಬೇಕಾಗಿಲ್ಲ. ಪ್ರಶ್ನೆ ನೆನಪಿದ್ದರೆ ಸಾಕು.

ನಾನು: ಇಲ್ಲಿಯೇ ನಾನು ನಿನ್ನ ಜೊತೆ ಜಗಳ ಕಾಯುವುದು. ಪ್ರಶ್ನೆ ಮಾತ್ರ ಸಾಕಾಗಿದ್ದರೆ ಆ ಪ್ರಬಂಧಗಳನ್ನೇ ಓದಬಹುದಿತ್ತು. ಕಾದಂಬರಿಯಲ್ಲಿ ಪ್ರಶ್ನೆ ಯಾರಾದರೊಬ್ಬರದಾಗಬೇಕು. ಉತ್ತರ ಒಂದು ಬಗೆಯಾದರೆ ಅವರು ಏನನ್ನೋ ಕಳೆದುಕೊಳ್ಳಬೇಕು. ಇಲ್ಲಿ ಅಟ್ಟಿಸಿಕೊಂಡು ಬರುವವರು ಬಾಗಿಲಲ್ಲಿರುವಾಗಲೂ ಒಬ್ಬರು ಇನ್ನೊಬ್ಬರಿಗೆ ಪಾಠ ಹೇಳುತ್ತಾರೆ, ಕೇಳುವವರು ನಮ್ಮ ಪರವಾಗಿ ಸಂದೇಹ ಕೇಳುತ್ತಾರೆ. ಪಾಠ ಮುಗಿದೊಡನೆ ಓಟ ಮತ್ತೆ ಶುರು.

‘ತೇಜೋ ತುಂಗಭದ್ರಾ’ದಲ್ಲಿಯೂ ಸಂಶೋಧನೆ ಕಡಿಮೆಯಿಲ್ಲ. ತೇಜೋ ಎಂದರೆ ಲಿಸ್ಬನ್ ನಗರದ ನದಿ. 1497ರಲ್ಲಿ ಪೋರ್ಚುಗಲ್‌ನ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದ್ದು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು, ಇವೆಲ್ಲ ಶಾಲೆಯ ಪುಸ್ತಕದಲ್ಲಿಯೂ ಸಿಗುತ್ತವೆ. ಆದರೆ ಬೆಲ್ಲಾ ಯಹೂದಿ ಹುಡುಗಿ, ಗೇಬ್ರಿಯಲ್ ಕ್ರೈಸ್ತ ಹುಡುಗ. ಅವಳನ್ನು ಮದುವೆಯಾಗಲು ಹಣ ಬೇಕು, ಹಣಕ್ಕಾಗಿ ಅವನು ಹಡಗು ಹತ್ತುತ್ತಾನೆ. ಅವನು ಅತ್ತ ಹೋದ ಮೇಲೆ ಇತ್ತ ಲಿಸ್ಬನ್ನಿನಲ್ಲಿ ಏನೇ ಆದರೂ ನಮಗೆ ಎದೆ ಹೊಡೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ ಬೆಲ್ಲಾ ಇದ್ದಾಳೆ. ಮೆಣಸಿನ ವ್ಯಾಪಾರ, ಮತಾಂತರ, ಸತಿ ಎಲ್ಲವೂ ಯಾರದೋ ಮೈಮೇಲೆ ನಡೆಯುತ್ತವೆ. ಕೆಲವು ಕಡೆ ವಿವರ ಅತಿಯಾಯಿತೆಂದು ಪೆನ್ಸಿಲ್ ಗುರುತು ಹಾಕಿದ್ದೇನೆ, ಆದರೂ ಬೆಲ್ಲಾಳ ಕೈ ಬಿಡಲಾಗಲಿಲ್ಲ.

ಅಣ್ಣನ ಮಗ: ಎರಡೂ ಬೇರೆ ಜಾತಿಯ ಪುಸ್ತಕಗಳು ಅತ್ತೆ. ರೋಚಕ ಕಾದಂಬರಿಯನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗುತ್ತಿದ್ದೀರಿ.

ನಾನು: ಇಲ್ಲ. ರೋಚಕ ಕಾದಂಬರಿಯೆಂದು ನಾನು ತಗ್ಗಿಸಿ ನೋಡುತ್ತಿಲ್ಲ, ಪತ್ತೇದಾರಿ ಬರೆಯುವುದು ಕಷ್ಟದ ಕೆಲಸ. ಅಪ್ಪನನ್ನೇ ಕೇಳು.

ಅಪ್ಪ: ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಂದರೆ ನಮಗೆ ಪ್ರಾಣವಾಗಿತ್ತು. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ಒಂದೇ ರಾತ್ರಿಯಲ್ಲಿ ಮುಗಿಸಿ ಮರುದಿನ ಹಿಂತಿರುಗಿಸುತ್ತಿದ್ದೆವು. ತಡವರಿಸದೆ ಕನ್ನಡ ಓದಲು ಕಲಿತದ್ದು ಅದರಿಂದ. ನನ್ನ ತರಗತಿಯ ಅರ್ಧ ಹುಡುಗರ ಕತೆ ಇದೇ. ನರಸಿಂಹಯ್ಯನವರು ಶಾಲೆಗೆ ಹೋದದ್ದು ಬಹಳ ಕಡಿಮೆ, ಆದರೂ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಯಾರೂ ಅವರನ್ನು ಹಗುರವಾಗಿ ಮಾತನಾಡಬೇಡಿ.

ಅಕ್ಕ: ನನ್ನದೂ ಒಂದು ದೂರು. ‘ಘಾಚರ್ ಘೋಚರ್’ ನೀನು ಹೇಳಿದೆಯೆಂದೇ ಗಾಂಧಿಬಜಾರಿನಲ್ಲಿ ಕೊಂಡು ಓದಿದೆ. ಕೊನೆಯ ಪುಟದಲ್ಲಿ ಏನಾಯಿತೆಂದು ಹೇಳುವುದೇ ಇಲ್ಲ. ಇನ್ನೂ ಪುಟಗಳಿವೆಯೇ ಎಂದು ತಿರುವಿ ನೋಡಿದೆ. ಹೆಂಡತಿಗೆ ಏನಾಯಿತು?

ನಾನು: ಅಕ್ಕಾ, ಓದದವರು ಗುಂಪಿನಲ್ಲಿದ್ದಾರೆ, ಆದ್ದರಿಂದ ಕೊನೆಯನ್ನು ಬಿಟ್ಟು ನಡುವಿನದೊಂದು ದೃಶ್ಯ ಹೇಳುತ್ತೇನೆ. ಇರುವೆ ತುಂಬಿದ ಸಣ್ಣ ಮನೆಯಲ್ಲಿ ಕಷ್ಟಪಟ್ಟಿದ್ದ ಸಂಸಾರ. ಆ ಮನೆಯ ಚಿಕ್ಕಪ್ಪ ಮಸಾಲೆ ವ್ಯಾಪಾರಕ್ಕೆ ಇಳಿದ ಮೇಲೆ ಹಣ ಬಂತು. ಒಂದು ದಿನ ಒಬ್ಬ ಹೆಂಗಸು ಆ ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಇಷ್ಟವೆಂದು ಬೇಳೆಯ ಅಡುಗೆ ಮಾಡಿ ತರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಗಿಲಲ್ಲೇ ಬೈದು ಅಟ್ಟುತ್ತಾರೆ. ದುಡಿಯುವವನು ಅವನೊಬ್ಬನೇ. ಅವನನ್ನು ಕಳೆದುಕೊಂಡರೆ ಎಲ್ಲರ ಅನ್ನವೂ ಹೋಗುತ್ತದೆ. ಕತೆ ಹೇಳುವ ಮಗ ಎಲ್ಲವನ್ನೂ ನೋಡುತ್ತ ಸುಮ್ಮನಿರುತ್ತಾನೆ. ಸೊಸೆಗೆ ಮಾತ್ರ ತಡೆಯಲಾಗುವುದಿಲ್ಲ. ಆ ಮನೆಯವರು ತಮ್ಮ ಸುಖಕ್ಕಾಗಿ ಏನು ಮಾಡಬಲ್ಲರು ಎನ್ನುವುದನ್ನು ನೀನು ಅಲ್ಲಿಯೇ ನೋಡಿದ್ದೀಯ. ಕೊನೆಯಲ್ಲಿ ಬಾಯಿಬಿಟ್ಟು ಹೇಳಿದ್ದರೆ ಅದು ಅವರ ಮನೆಯ ಸುದ್ದಿಯಾಗಿ ಮುಗಿಯುತ್ತಿತ್ತು. ಹೇಳದೆ ಬಿಟ್ಟದ್ದರಿಂದ ನೀನು ಇವತ್ತೂ ಕೇಳುತ್ತಿದ್ದೀಯ.

ಅಕ್ಕ: ಕೇಳುತ್ತಿರುವುದು ಸಿಟ್ಟಿನಿಂದ. ಪತ್ತೇದಾರಿಯಲ್ಲಾದರೆ ಹೇಳಲೇಬೇಕು, ಇಲ್ಲಿ ಮಾತ್ರ ಹೇಳದಿದ್ದರೆ ದೊಡ್ಡತನವೇ? ನಾನು ಒಪ್ಪುವುದಿಲ್ಲ. ಬಾಗಿಲಿನ ದೃಶ್ಯ ಮಾತ್ರ ನನಗೂ ಮರೆತಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ಅತ್ತಿಗೆ: ಎಲ್ಲರೂ ಸೇರಿ ನನಗೆ ಒಂದು ಹೆಸರನ್ನೂ ಕೊಡಲಿಲ್ಲ. ನಿನ್ನ ಆಯ್ಕೆ ಯಾವುದು, ಅದನ್ನು ಹೇಳು.

ನಾನು: ‘ಫಣಿಯಮ್ಮ’. ತೆಳು ಪುಸ್ತಕ, ಸರಳ ಕನ್ನಡ, ಓದು ಬಿಟ್ಟವರೂ ಎರಡು ಮಧ್ಯಾಹ್ನಗಳಲ್ಲಿ ಮುಗಿಸುತ್ತಾರೆ.

ಅತ್ತಿಗೆ: ಕೋಪಿಸಿಕೊಳ್ಳಬೇಡ. ಸಾವಿರ ಹುಣ್ಣಿಮೆ ಕಂಡವರ ಶುಭಕಾರ್ಯ. ಮುತ್ತೈದೆಯರಿಗೆ ಅರಿಸಿನ ಕುಂಕುಮ ಕೊಟ್ಟು, ಅದರ ಜೊತೆಗೆ ತಲೆ ಬೋಳಿಸಿದ ವಿಧವೆಯ ಕತೆಯನ್ನು ಕೊಡುವುದೇ? ಬಂದವರು ಏನೆಂದುಕೊಂಡಾರು?

ಅಕ್ಕ: ನನಗೂ ಅದೇ ಅನ್ನಿಸಿತು.

ನಾನು: ಅತ್ತಿಗೆ, ಕೋಪವಿಲ್ಲ, ಆದರೆ ಈ ಮಾತನ್ನು ಬಿಟ್ಟುಕೊಡಲಾರೆ. ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮನನ್ನು ಜೀವಮಾನವಿಡೀ ಶುಭಕಾರ್ಯಗಳಿಂದ ದೂರ ಇಟ್ಟರು. ಅಡುಗೆ ಮಾತ್ರ ಅವಳ ಕೈಯದೇ ಬೇಕಾಗಿತ್ತು. ಬಾಣಂತನಕ್ಕೆ ಅವಳು ಬೇಕು, ಹಪ್ಪಳ ಸಂಡಿಗೆಗೆ ಅವಳು ಬೇಕು, ಹಸೆಮಣೆಯ ಹತ್ತಿರ ಅವಳ ಮುಖ ಬೇಡ. 1976ರಲ್ಲಿ ಬಂದ ಪುಸ್ತಕವನ್ನೂ ಇಂದು ನಾವು ಅದೇ ಕಾರಣಕ್ಕೆ ತಾಂಬೂಲದ ತಟ್ಟೆಯಿಂದ ದೂರ ಇಡುವುದೇ?

ಸಂಶೋಧನೆಯ ಬಗ್ಗೆ ಇಷ್ಟು ಹೊತ್ತು ವಾದಿಸಿದ್ದೂ ಇದಕ್ಕಾಗಿಯೇ. ಇಂದಿರಾ ಅವರು ಇದನ್ನು ಬರೆದದ್ದು ತಮ್ಮ ಬಂಧುವರ್ಗದಲ್ಲಿ ಬಾಳಿದ್ದ ಹೆಂಗಸಿನ ಬದುಕಿನಿಂದ. ಮಲೆನಾಡಿನ ಒಂದು ದೊಡ್ಡ ಮನೆಯ ಮಡಿ, ಮೈಲಿಗೆ, ಊಟದ ಪಂಕ್ತಿ, ಬಚ್ಚಲೊಲೆ, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ, ಎಲ್ಲಿಯೂ ನಿಲ್ಲಿಸಿ ವಿವರಣೆ ಕೊಡುವುದಿಲ್ಲ. ಆಮೇಲೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯುತ್ತಾಳೆ. ಮನೆಯವರೆಲ್ಲ ಕೂಗಾಡುತ್ತಾರೆ. ಅವಳ ಪರವಾಗಿ ನಿಲ್ಲುವುದು ಯಾರು? ಮಡಿಯಲ್ಲೇ ಬಾಳಿದ ಫಣಿಯಮ್ಮ. ಭಾಷಣವಿಲ್ಲ, ಕಣ್ಣೀರಿಲ್ಲ. ತನಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದೆಂಬುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿದೆ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ. ನೋಡಿದವರೂ ಪುಸ್ತಕ ಓದಲಿ.

ಚಿಕ್ಕಪ್ಪ: ಈ ಪುಸ್ತಕದ ವಿಷಯದಲ್ಲಿ ನಾನು ಮಾತನಾಡುವುದಿಲ್ಲ. ಅಣ್ಣ ಹೇಳಲಿ.

ಅಪ್ಪ: ನನ್ನ ಸೋದರತ್ತೆ ಹಾಗೆಯೇ ಇದ್ದರು. ನಿಮ್ಮಲ್ಲಿ ಯಾರೂ ಅವರನ್ನು ನೋಡಿಲ್ಲ, ನನ್ನ ತಮ್ಮನಿಗೆ ಸ್ವಲ್ಪ ನೆನಪಿರಬಹುದು. ನನ್ನ ಉಪನಯನದ ದಿನ ಇಡೀ ಊರಿಗೆ ಅಡುಗೆ ಮಾಡಿದವರು ಅವರು. ಶಾಸ್ತ್ರ ಮುಗಿಯುವವರೆಗೆ ಹಿತ್ತಲ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಹೋಗಿ ನಮಸ್ಕಾರ ಮಾಡುತ್ತೇನೆಂದರೆ ಬೇಡವೆಂದು ಹಿರಿಯರು ತಡೆದರು. ಇದು ನನ್ನ ಶಾಂತಿ, ಆ ಪುಸ್ತಕವನ್ನೇ ಕೊಡಿ. ಅರಿಸಿನ ಕುಂಕುಮದ ಜೊತೆಗೇ ಕೊಡಿ. ಯಾರಾದರೂ ಏನಾದರೂ ಅಂದರೆ ನನ್ನ ಹತ್ತಿರ ಕಳುಹಿಸಿ.

ಚಿಕ್ಕಪ್ಪ: ನನಗೆ ನೆನಪಿದ್ದಾರೆ. ಅಣ್ಣ ಹೇಳಿದ ಮೇಲೆ ಮುಗಿಯಿತು. ಆದರೆ ಹೆಂಗಸಿನ ಬದುಕು ಎಂದರೆ ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನನ್ನು ಬಿಡಲಾಗದು. ಪ್ಲೇಗಿನಲ್ಲಿ ಮಕ್ಕಳನ್ನು ಕಳೆದುಕೊಂಡೂ ಶ್ಯಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಸಾಕಿದವಳು. ನನ್ನ ಖರ್ಚಿನಲ್ಲಿ ಒಂದಷ್ಟು ಪ್ರತಿ ತರುತ್ತೇನೆ, ಬೇಕಾದವರು ಅದನ್ನೂ ತೆಗೆದುಕೊಳ್ಳಲಿ.

ನಾನು: ತನ್ನಿ ಚಿಕ್ಕಪ್ಪ. ನಂಜಮ್ಮನ ಮುಂದೆ ನನ್ನದು ಯಾವ ವಾದವೂ ಇಲ್ಲ. ಒಂದು ಪ್ರತಿ ನನಗೂ ಇರಲಿ, ನನ್ನದನ್ನು ಯಾರೋ ತೆಗೆದುಕೊಂಡು ಹೋದವರು ಹಿಂತಿರುಗಿಸಿಲ್ಲ.

ಅಣ್ಣನ ಮಗ: ನಾನು ‘ಫಣಿಯಮ್ಮ’ ಓದಿಲ್ಲ. ಸೋಮವಾರ ಮೆಟ್ರೊದಲ್ಲಿ ಓದಲು ನಿಮ್ಮ ಪ್ರತಿ ಕೊಡಿ ಅತ್ತೆ. ಓದಿದ ಮೇಲೆ ಜಗಳ ಮುಂದುವರಿಸುತ್ತೇನೆ. ‘ಕನಕ ಮುಸುಕು’ ಇನ್ನೂ ಮುಗಿದ ವಿಷಯವಲ್ಲ.

ಅತ್ತಿಗೆ: ಮಾವನವರು ಹೇಳಿದ ಮೇಲೆ ನನ್ನದೇನೂ ಇಲ್ಲ. ಪಟ್ಟಿಯಲ್ಲಿ 180 ಮನೆಗಳಿವೆ, ಮನೆಗೊಂದು ಪ್ರತಿ. ಅಷ್ಟು ಒಟ್ಟಿಗೆ ಸಿಗುತ್ತದೆಯೇ?

ನಾನು: ಸೋಮವಾರ ಗಾಂಧಿಬಜಾರಿನಲ್ಲಿ ವಿಚಾರಿಸುತ್ತೇನೆ. ಅಲ್ಲಿ ಸಾಲದಿದ್ದರೆ ಗಾಂಧಿನಗರಕ್ಕೆ ಹೋಗುತ್ತೇನೆ. ಮೊದಲ ಪುಟದಲ್ಲಿ ಅಂಟಿಸುವ ಚೀಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ಅವರ ಸೋದರತ್ತೆಯ ಹೆಸರೂ ಇರಬೇಕು. ಅಪ್ಪಾ, ಅವರ ಹೆಸರನ್ನು ಬರೆದು ಕಳುಹಿಸಿ.