ಪ್ಲಿಂತ್ (ನೆಲದ ಮಟ್ಟಕ್ಕ ಏರಿಸಿದ ಪಾಯಾ) ಒಳಗ ಎರಿಮಣ್ಣೇ ತುಂಬ್ಯಾರ, ಬೆಡ್ (ನೆಲದ ಕಾಂಕ್ರೀಟ್) ಹಾಕಿಸಬಹುದೇನ್ರಿ? (ಕಲಬುರಗಿ)

ಮನಿ_ಕಟ್ಟಾಂವ:
ಎಲ್ಲಾರಿಗೂ ನಮಸ್ಕಾರ ರೀ. ರಿಂಗ್ ರೋಡ್ ಆಚೆ 30×40 ಸೈಟಿನ್ಯಾಗ ಕೆಲಸ ನಡದದ. ಪೂರಾ ಎರಿ ಜಾಗ. 7 ಫೂಟ್ ತೆಗದ ಮ್ಯಾಲ ಗಟ್ಟಿ ಮುರುಮ್ (ಹರಳು ಮಣ್ಣು) ಹತ್ತಿತು, ಕಾಲಂ ಫೂಟಿಂಗ್ (ಕಂಬದ ಬುಡ) ಅದರ ಮ್ಯಾಲೇ ಕುಂತಾವ. ಪ್ಲಿಂತ್ ಬೀಮೂ ಆಗ್ಯದ. ಈಗ ಗುತ್ತೇದಾರ, ತೆಗದಿದ್ದ ಕರಿ ಮಣ್ಣೇ ಒಳಗ ತುಂಬಿ, ಟ್ಯಾಂಕರ್ ನೀರು ಬಿಟ್ಟು ಕೆರಿ ಮಾಡ್ಯಾನ. "ನೀರು ಕುಡದು ತಾನೇ ಕೂಡ್ತದ, ಮ್ಯಾಲ ಅರ್ಧ ಫೂಟ್ ಮರಳು ಹಾಕಿ ಬೆಡ್ ಹೊಡದರ ಮುಗೀತು" ಅಂತಾನ. ಒಣಗಿದ ಮೂಲ್ಯಾಗ ಬೆರಳು ಹೋಗೋವಷ್ಟು ಬಿರುಕು ಬಿಟ್ಟದ. ಮುಂದುವರಿಸಲೋ, ನಿಲ್ಲಿಸಲೋ?

ಫರ್ಸಿಗಲ್ಲು:
ಮೊದಲು ಕೆಲಸ ನಿಲ್ಲಸ್ರಿ. ಉಳದದ್ದು ಆಮ್ಯಾಲ.

ಆಳಂದ_ರೈತ:
ನಮ್ಮ ಹಳೀ ಮನಿ ಎರಿ ಮ್ಯಾಲೇ ಅದ ಅಣ್ಣಾ. ನಮ್ಮಜ್ಜನ ಕಾಲದ್ದು, ಏನೂ ಆಗಿಲ್ಲ. ಸುಮ್ನ ಹೆದರಿಸಬ್ಯಾಡ್ರಿ.

ಮಣ್ಣು_ಲ್ಯಾಬ್:
ಆಳಂದದ ಅಣ್ಣಾರೇ, ನಿಮ್ಮ ಹಳೆ ಮನೆಯ ನೆಲ ಶಹಾಬಾದ್ ಫರ್ಸಿದೇ ಇರಬೇಕು. ಉಬ್ಬಿದರೆ ನಾಲ್ಕು ಫರ್ಸಿ ಎತ್ತಿ, ಕೆಳಗೆ ಸರಿಮಾಡಿ, ಮತ್ತೆ ಕೂಡಿಸುತ್ತಾರೆ. ಯಾರೂ ಅದನ್ನ ರಿಪೇರಿ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಕಾಂಕ್ರೀಟ್ ಬೆಡ್ ಮೇಲೆ ಅಂಟಿಸಿದ ಟೈಲ್ಸಿಗೆ ಆ ಸವಲತ್ತಿಲ್ಲ.

ಮನಿ ಕಟ್ಟಾಂವ್ರೇ, ಫೂಟಿಂಗ್ ಮುರುಮ್ ಮೇಲೆ ಇರೋದು ದೊಡ್ಡ ಸಮಾಧಾನ. ಕಾಲಂ ಕುಸಿಯೋ ಚಿಂತೆ ಬಿಡಿ. ಕೆಡೋದು ನೆಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಪದರಪದರವಾಗಿರುತ್ತೆ. ನೀರು ಪದರಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತೆ, ಬೇಸಿಗೆಯಲ್ಲಿ ಆರಿ ಕುಗ್ಗುತ್ತೆ. ಕಾಲಂ ಅಲುಗೋದಿಲ್ಲ, ನೆಲ ಮಾತ್ರ ಮೇಲೆ ಕೆಳಗೆ ಆಡುತ್ತೆ. ಗೋಡೆ ಅಂಚಿನಲ್ಲಿ ಟೈಲ್ಸ್ ಬಿಡೋದು, ಬಾಗಿಲು ನೆಲಕ್ಕೆ ಉಜ್ಜೋದು ಇದರಿಂದಲೇ.

ನೀರು ನಿಲ್ಲಿಸಿ ಕೂಡಿಸೋದು ಮರಳಿಗೆ ಸರಿ. ಎರೆಮಣ್ಣಿಗೆ ಹಾಗೆ ಮಾಡಿದರೆ ಅದು ಉಬ್ಬಿ ಕೆಸರಾಗುತ್ತೆ ಹೊರತು ಗಟ್ಟಿಯಾಗೋದಿಲ್ಲ. ಮೇಲಿನ ಮರಳಂತೂ ಇನ್ನೂ ಕೆಟ್ಟದ್ದು. ಬಾತ್‌ರೂಮ್ ಪೈಪ್ ಸ್ವಲ್ಪ ಸೋರಿದರೂ ಆ ನೀರನ್ನ ಹಿಡಿದಿಟ್ಟುಕೊಂಡು ಕೆಳಗಿನ ಎರೆಗೆ ಕುಡಿಸ್ತಾ ಇರುತ್ತೆ. "ಮರಳು ಕುಶನ್" ಅನ್ನೋ ಮಾತನ್ನ ನಮ್ಮ ಕಡೆ ಗೌಂಡಿಗಳು ಯಾಕೆ ಬಿಡೋದಿಲ್ಲವೋ ಗೊತ್ತಿಲ್ಲ.

ಬೇಕಾಗಿರೋದು ಉಬ್ಬದ, ಆದರೆ ಸ್ವಲ್ಪ ಜಿಗುಟಿರುವ ಮಣ್ಣು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಹೇಳಿದ ಸಿಎನ್‌ಎಸ್ (ಕೊಹೆಸಿವ್ ನಾನ್-ಸ್ವೆಲ್ಲಿಂಗ್ ಸಾಯಿಲ್, ಅಂದರೆ ಜಿಗುಟಿದ್ದೂ ಉಬ್ಬದ ಮಣ್ಣು) ಪದರ ಇದೇ. ಮಲಪ್ರಭಾ ಬಲದಂಡೆ ಕಾಲುವೆಯಲ್ಲೂ ಬಳಸಿದ್ದಾರೆ. ನಿಮಗೆ ಒಳ್ಳೆ ಮುರುಮ್ ಸಾಕು.

ಮನಿ_ಕಟ್ಟಾಂವ:
ಸರ್, ತುಂಬಿದ್ದೆಲ್ಲಾ ಹೊರಗ ಹಾಕಬೇಕಂದ್ರ ಗುತ್ತೇದಾರ ಜಗಳಕ್ಕ ಬರ್ತಾನ. ಸುಣ್ಣ ಕಲಸಿದ್ರ ನಡೀತದೇನು?

ಮಣ್ಣು_ಲ್ಯಾಬ್:
ಸುಣ್ಣ ಕೆಲಸ ಮಾಡುತ್ತೆ, ರಸ್ತೆ ಕೆಲಸದಲ್ಲಿ ಬಳಸ್ತಾರೆ. ಆದರೆ ಹೆಂಟೆ ಒಡೆದು ಪುಡಿ ಮಾಡಿ, ಎಲ್ಲ ಕಡೆ ಸಮ ಬೆರೆಸಬೇಕು. ಪ್ಲಿಂತ್ ಒಳಗೆ ಸಲಿಕೆಯಲ್ಲಿ ಅದು ಆಗದ ಮಾತು. ಪೂರ್ತಿ ತೆಗೆಯೋಕಾಗದಿದ್ದರೆ ಮೇಲಿನ 3 ಫೂಟ್ ಆದರೂ ತೆಗೆಸಿ. ಬೀಮಿಗೆ ತಾಗಿರೋ ಎರೆಯನ್ನೂ ಕೆರೆಸಿ, ಬೀಮ್ ಕೆಳಗೆ 80 ಮಿ.ಮೀ. ಆದರೂ ಖಾಲಿ ಇರಲಿ. ಎರೆ ಉಬ್ಬಿದರೆ ಬೀಮನ್ನೇ ಎತ್ತುತ್ತೆ.

ಗುತ್ತೇದಾರನ ಬಾಯಿ ಮುಚ್ಚಿಸಬೇಕಾದರೆ ಐಎಸ್ 2720 (ಮಣ್ಣು ಪರೀಕ್ಷೆಯ ಭಾರತೀಯ ಮಾನದಂಡ), ಭಾಗ 40ರ ಪರೀಕ್ಷೆ ಮಾಡಿಸಿ. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು 10 ಗ್ರಾಂ ನೀರಿನಲ್ಲಿ, 10 ಗ್ರಾಂ ಸೀಮೆಎಣ್ಣೆಯಲ್ಲಿ ಹಾಕಿ 24 ತಾಸು ಬಿಡ್ತಾರೆ. ಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ. ಕೂತ ಮಣ್ಣಿನ ಗಾತ್ರ ಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 19 ಆದರೆ ಉಬ್ಬು 90%. 50 ದಾಟಿದರೇ ಎಚ್ಚರ ಬೇಕು.

ಬೀದರ್_ಕೆಂಪುಮಣ್ಣು:
ಮುರುಮ್ ಅಂತ ಹೇಳಿ ಕರಿ ಮಣ್ಣು ಬೆರಸಿದ್ದು ತಂದ್ ಸುರೀತಾರ, ಹುಷಾರ್ ರೀ. ಟಿಪ್ಪರ್ ಖಾಲಿ ಮಾಡೂದ್ರೊಳಗ ಒಂದು ಹಿಡಿ ಹಸಿ ಮಾಡಿ ತಿಕ್ಕಿ ನೋಡ್ರಿ. ಹರಳು ಹರಳು ಸಿಗಬೇಕು. ಸಾಬೂನಿನಂಗ ಜಾರಿ, ಬೆರಳ ಸಂದ್ಯಾಗ ಕರಿ ಮೆತ್ತಿದ್ರ ವಾಪಸ್ ಕಳಸ್ರಿ.

ಮನಿ_ಕಟ್ಟಾಂವ:
ತೆಗಸ್ಲಿಕ್ಕ ಒಪ್ಪ್ಯಾನ, ಜೆಸಿಬಿ ಬಾಡಿಗಿ ಅರ್ಧ ನಂದಂತ. ಇರ್ಲಿ. ಮುರುಮ್ ಒಮ್ಮೆಗೇ ತುಂಬಿ ದಮ್ಮಸು ಹೊಡಸ್ಲೇನು?

ಮಣ್ಣು_ಲ್ಯಾಬ್:
ಒಮ್ಮೆಗೇ ಬೇಡ. ಮೇಲಿನ ಅರ್ಧ ಫೂಟ್ ಗಟ್ಟಿಯಾಗಿ ಕೆಳಗೆಲ್ಲ ಪೊಳ್ಳು ಉಳಿಯುತ್ತೆ. 6 ಇಂಚಿನ ಪದರ ಹರಡಿ, ನೀರು ಚಿಮುಕಿಸಿ, ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಿ, ಆಮೇಲೆ ಮುಂದಿನ ಪದರ. ಮೂಲೆಗೆ ಯಂತ್ರ ಹೋಗೋದಿಲ್ಲ, ಅಲ್ಲಿ ಕೈ ದಮ್ಮಸು. ನೀರು ಎಷ್ಟು ಅಂದರೆ, ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾದರೆ ಹೆಚ್ಚು. ಖಾತ್ರಿ ಬೇಕಂದರೆ ಲ್ಯಾಬಿನವರು ಬಂದು ಸಾಂದ್ರತೆ ನೋಡ್ತಾರೆ, ಪ್ರಾಕ್ಟರ್ ಪರೀಕ್ಷೆಯಲ್ಲಿ (ಅದೇ ಮಣ್ಣನ್ನ ಲ್ಯಾಬಿನಲ್ಲಿ ದಮ್ಮಸು ಮಾಡಿ ನೋಡೋದು) ಸಿಗೋ ಗರಿಷ್ಠ ಸಾಂದ್ರತೆಯ 95% ಕೇಳಿ.

ಫರ್ಸಿಗಲ್ಲು:
ಡ್ರೈನೇಜ್ ಪೈಪ್ ಬೆಡ್ ಹಾಕೋಕಿಂತ ಮುಂಚೆ ನೀರು ತುಂಬಿಸಿ ಒಂದಿನ ಬಿಟ್ಟು ನೋಡ್ರಿ. ಮನಿ ಸುತ್ತ ಹೊರಗಡಿ 3 ಫೂಟ್ ಅಗಲ ಫರ್ಸಿ ಹಾಸ್ರಿ, ಇಳಿಜಾರು ಹೊರಗ ಇರ್ಲಿ. ಮಾಳಗಿ ನೀರು ಗ್ವಾಡಿ ಬುಡಕ್ಕ ಬೀಳಬಾರದು.

ಮನಿ_ಕಟ್ಟಾಂವ:
ಆಯ್ತ್ರಿ. ಸಂಪು ಗ್ವಾಡಿಗೆ ಹಚ್ಚೇ ತೋಡಬೇಕಂತ ಗುರ್ತು ಹಾಕ್ಯಾರ, ಅದನ್ನೂ ಗೇಟ್ ಕಡಿ ಸರಸ್ಲಿಕ್ಕೆ ಹೇಳ್ತೀನಿ.